ಹಳೆಯ ಜೀಪಿನ ಪರೀಕ್ಷೆ

ಸತ್ಯಮಂಗಲದಿಂದ ಉತ್ತರಾಭಿಮುಖವಾಗಿ ಹೊರಟು, ಬಣ್ಣಾರಿ ಅಮ್ಮನ ಗುಡಿಯ ಮುಂದೆ ಕೈಮುಗಿದು, ಇಪ್ಪತ್ತೇಳು ತಿರುವುಗಳ ದಿಂಬಂ ಘಾಟಿಯನ್ನು ಏರಿಬರುವ ಪಯಣಿಗನಿಗೆ, ಸುಮಾರು 1,100 ಮೀಟರ್ ಎತ್ತರದ ಆ ನೆತ್ತಿಯನ್ನು ದಾಟಿದೊಡನೆಯೇ ಹವೆ ಬದಲಾಗುವಂತೆ ಮಾತೂ ಬದಲಾಗುತ್ತದೆ. ಹಾಸನೂರು, ತಲಮಲೆ, ತಾಳವಾಡಿಗಳ ಅಂಗಡಿಬೀದಿಗಳಲ್ಲಿ ಅವನ ಕಿವಿಗೆ ಬೀಳುವುದು ಚಾಮರಾಜನಗರ ಸೀಮೆಯ ಕನ್ನಡ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಕೊಳ್ಳೇಗಾಲವು ಮೈಸೂರಿಗೆ ಸೇರಿತು, ತಾಳವಾಡಿಯ ಈ ಪ್ರಸ್ಥಭೂಮಿಯು ಮದರಾಸಿನಲ್ಲಿಯೇ, ಅಂದರೆ ಇಂದಿನ ತಮಿಳುನಾಡಿನಲ್ಲಿಯೇ, ಉಳಿಯಿತು. ವರನಟ ರಾಜ್‌ಕುಮಾರರ ಹುಟ್ಟೂರಾದ ಗಾಜನೂರು ಇಲ್ಲಿಯದೇ. ಮೂರು ಕಡೆ ಅರಣ್ಯ, ಒಂದು ಕಡೆ ರಾಜ್ಯದ ಗಡಿ, ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ಘಾಟಿಯನ್ನು ಇಳಿದೇ ಹೋಗಬೇಕೆಂಬ ನಿರ್ಬಂಧ: ಇಂತಹ ನೆಲದಲ್ಲಿ ಒಂದು ವಾಹನವು ಯಾವ ಅರ್ಥದಲ್ಲಿಯೂ ವಿಲಾಸದ ವಸ್ತುವಾಗಿರಲಾರದು.

ಇಲ್ಲಿ ಬೆಳೆದ ಕೋಸು, ಆಲೂಗಡ್ಡೆ, ಬೀಟ್‌ರೂಟು, ಬೆಳ್ಳುಳ್ಳಿ, ಚೆಂಡುಹೂವು ಮುಂತಾದುವು ಒಂದೋ ಚಾಮರಾಜನಗರದ ಕಡೆಗೆ ಸಾಗಬೇಕು, ಇಲ್ಲವೇ ಘಾಟಿ ಇಳಿದು ಸತ್ಯಮಂಗಲ, ಮೇಟ್ಟುಪಾಳ್ಯಗಳ ಮಂಡಿಗಳನ್ನು ಸೇರಬೇಕು. ಕಾಳಿದಿಂಬ, ಬೆಜಲಟ್ಟಿಗಳಂತಹ ಕಾಡಿನೊಳಗಣ ಹಾಡಿಗಳಿಗೆ ಮಳೆಗಾಲದಲ್ಲಿ ಅಕ್ಕಿಮೂಟೆ ತಲಪುವುದೂ, ಅಲ್ಲಿಂದ ಹೆರಿಗೆನೋವಿನ ಹೆಣ್ಣುಮಗಳೊಬ್ಬಳು ಆಸ್ಪತ್ರೆಯನ್ನು ತಲಪುವುದೂ ನಾಲ್ಕೂ ಚಕ್ರಗಳಿಂದ ನೆಲವನ್ನು ಹಿಡಿದೆಳೆಯಬಲ್ಲ ಗಾಡಿಯೊಂದು ಊರಿನಲ್ಲಿ ಇದೆಯೇ ಇಲ್ಲವೇ ಎಂಬುದನ್ನೇ ಅವಲಂಬಿಸಿರುತ್ತದೆ. ಹೊಸ ಫೋರ್‌ವೀಲ್ ಗಾಡಿಯ ಬೆಲೆಯಾದರೋ ಹತ್ತು ಲಕ್ಷ ರೂಪಾಯಿಗಳನ್ನು ಮೀರಿ ನಿಂತಿದೆ. ಎರಡು ಮೂರು ಎಕರೆಯ ಒಕ್ಕಲಿಗೆ ಅದು ಎಟುಕುವುದಲ್ಲ. ಆದಕಾರಣ ಅವನು ಎರಡು ಲಕ್ಷವೋ ಮೂರು ಲಕ್ಷವೋ ಕಿಲೋಮೀಟರು ಓಡಿ, ಎರಡು ಮೂರು ಕೈ ಬದಲಾಗಿರತಕ್ಕ ಡೀಸೆಲ್ ಗಾಡಿಯನ್ನು ಅರಸುತ್ತಾನೆ. ಸಾಲ ಮಾಡಿ, ಒಡವೆ ಅಡವಿಟ್ಟು ಕೊಳ್ಳುವ ಆ ಗಾಡಿಯನ್ನು ಅವನು ಹೇಗೆ ಪರೀಕ್ಷಿಸತಕ್ಕದ್ದು ಎಂಬುದನ್ನು ಸಾವಧಾನವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಇಷ್ಟು ದೂರ ಓಡಿದ ಗಾಡಿಯನ್ನು ಕೊಳ್ಳುವುದು ಅವಿವೇಕವಲ್ಲವೇ ಎಂದು ಪಟ್ಟಣದ ಕಾರು ಬಳಸುವವರು ಕೇಳಬಹುದು. ಈ ಪ್ರಶ್ನೆಗೆ ಉತ್ತರವು ಡೀಸೆಲ್ ಎಂಜಿನ್ನಿನ ಸ್ವಭಾವದಲ್ಲಿಯೇ ಇದೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರನು ಯಶಸ್ವಿಯಾಗಿ ಓಡಿಸಿ ತೋರಿಸಿದ ಆ ಯಂತ್ರದಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗು ಇಲ್ಲ. ಗಾಳಿಯನ್ನು ಹದಿನೈದರಿಂದ ಇಪ್ಪತ್ತೆರಡು ಪಟ್ಟಿನಷ್ಟು ಅದುಮಿದಾಗ ತಾನಾಗಿಯೇ ಹುಟ್ಟುವ ತೀವ್ರ ಉಷ್ಣದಲ್ಲಿ ಡೀಸೆಲ್ ತುಂತುರು ಹೊತ್ತಿಕೊಳ್ಳುತ್ತದೆ. ಅಂತಹ ಒತ್ತಡವನ್ನು ತಾಳುವ ಸಲುವಾಗಿ ಅದರ ಬ್ಲಾಕು, ಪಿಸ್ಟನ್ನು, ಕ್ರ್ಯಾಂಕ್ ಶಾಫ್ಟುಗಳನ್ನು ದಪ್ಪವಾಗಿ, ತೂಕವಾಗಿ ಮಾಡಬೇಕಾಗುತ್ತದೆ. ಅದು ತಿರುಗುವ ವೇಗವೂ ಪೆಟ್ರೋಲ್ ಎಂಜಿನ್ನಿಗಿಂತ ಕಡಿಮೆ. ತೂಕ ಹೆಚ್ಚು, ವೇಗ ಕಡಿಮೆ ಎಂಬ ಈ ಎರಡು ಗುಣಗಳೇ ಅದರ ದೀರ್ಘಾಯುಷ್ಯದ ಮೂಲ. ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿಕೊಂಡು, ಕುದಿಯಲು ಬಿಡದೆ ನಡೆಸಿಕೊಂಡುಬಂದ ಡೀಸೆಲ್ ಎಂಜಿನ್ನಿಗೆ ಎರಡು ಲಕ್ಷ ಕಿಲೋಮೀಟರು ಮುಪ್ಪಿನ ವಯಸ್ಸೇನೂ ಅಲ್ಲ.

ಆದರೆ ಆ ಎರಡು ಲಕ್ಷ ಯಾವ ದಾರಿಯಲ್ಲಿ ಓಡಿದ್ದು? ನನ್ನ ಮಟ್ಟಿಗೆ ಈ ವಿಷಯದ ತಿರುಳೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ನಮ್ಮ ರೈತರು ಟ್ರ್ಯಾಕ್ಟರನ್ನು ಕೊಳ್ಳುವಾಗ ಅದು ಎಷ್ಟು ಕಿಲೋಮೀಟರು ಓಡಿತೆಂದು ಯಾರೂ ಕೇಳುವುದಿಲ್ಲ, ಎಷ್ಟು ಗಂಟೆ ದುಡಿಯಿತೆಂದು ಕೇಳುತ್ತಾರೆ. ಟ್ರ್ಯಾಕ್ಟರಿನ ಮೀಟರು ಗಂಟೆಗಳನ್ನೇ ತೋರಿಸುತ್ತದೆ. ಬೆಟ್ಟದ ಗಾಡಿಯನ್ನೂ ಇದೇ ಲೆಕ್ಕದಲ್ಲಿ ನೋಡಬೇಕು. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 60 ಕಿಲೋಮೀಟರಿನಂತೆ ಒಂದು ಲಕ್ಷ ಕಿಲೋಮೀಟರು ಓಡಿದ ಗಾಡಿಯ ಎಂಜಿನ್ನು ದುಡಿದಿರುವುದು ಸುಮಾರು 1,670 ಗಂಟೆ; ಘಾಟಿಯಲ್ಲಿಯೂ ಕಾಡುದಾರಿಯಲ್ಲಿಯೂ ಗಂಟೆಗೆ 20ರಂತೆ ಅಷ್ಟೇ ದೂರವನ್ನು ಕ್ರಮಿಸಿದ ಗಾಡಿಯ ಎಂಜಿನ್ನು ದುಡಿದಿರುವುದು 5,000 ಗಂಟೆ. ಮೀಟರಿನಲ್ಲಿ ಎರಡೂ ಒಂದೇ, ದುಡಿಮೆಯಲ್ಲಿ ಮೂರು ಪಟ್ಟು ಅಂತರ. ಇದರ ಮೇಲೆ ಎರಡನೆಯ ಗೇರಿನಲ್ಲಿ ಹೊರೆ ಹೊತ್ತು ಏರಿದ ಶ್ರಮ, ತಿರುವು ತಿರುವಿಗೂ ಒತ್ತಿಬಿಟ್ಟ ಕ್ಲಚ್ಚು, ಕಲ್ಲಿನ ಮೇಲೆ ಕುಕ್ಕಿದ ಕಮಾನು ಪಟ್ಟಿಗಳು, ಇವೆಲ್ಲ ಸೇರಿದರೆ ಮೈಸೂರು–ಬೆಂಗಳೂರು ರಸ್ತೆಯಲ್ಲಿ ಮೂರು ಲಕ್ಷ ಓಡಿದ ಗಾಡಿಯು ತೋಟದೊಳಗೆ ಒಂದು ಲಕ್ಷ ಓಡಿದ ಗಾಡಿಗಿಂತ ಗಟ್ಟಿಮುಟ್ಟಾಗಿರುವ ಸಂಭವವಿದೆಯೆಂಬುದು ವಿಸ್ಮಯದ ಸಂಗತಿಯಲ್ಲ. ಹಳೆಯ ಜೀಪುಗಳ ಮೀಟರಿನಲ್ಲಿ ಐದೇ ಅಂಕಿಗಳಿದ್ದು, 99,999 ಆದೊಡನೆ ಮತ್ತೆ ಸೊನ್ನೆಯಿಂದ ಆರಂಭವಾಗುತ್ತಿದ್ದುವೆಂಬುದನ್ನೂ, ಮೀಟರನ್ನು ಹಿಂದಕ್ಕೆ ತಿರುಗಿಸಿ ಮಾರುವ ದುಷ್ಟತನವು ಸಂತೆಯಲ್ಲಿ ಇನ್ನೂ ಇದೆಯೆಂಬುದನ್ನೂ ನೆನೆದರೆ, ಆ ಅಂಕಿಯ ಮೇಲೆ ಎಷ್ಟು ಭಾರ ಹಾಕಬಹುದೆಂಬುದು ತಾನೇ ತಿಳಿಯುತ್ತದೆ. ಪೆಡಲುಗಳ ರಬ್ಬರು, ಸ್ಟೀರಿಂಗಿನ ಹಿಡಿ, ಚಾಲಕನ ಸೀಟಿನ ಅಂಚು, ಬಾಗಿಲಿನ ಕೀಲು ಇವು ಸವೆದಿರುವ ಪ್ರಮಾಣವು ಮೀಟರಿಗಿಂತ ಹೆಚ್ಚು ಪ್ರಾಮಾಣಿಕವಾದ ಸಾಕ್ಷಿ.

ಈ ಸೀಮೆಯಲ್ಲಿ ಕೈಗೆ ಸಿಗುವ ಗಾಡಿಗಳನ್ನು ಸ್ಥೂಲವಾಗಿ ಮೂರು ಪೀಳಿಗೆಗಳಾಗಿ ವಿಂಗಡಿಸಬಹುದು. ಮಹೀಂದ್ರ ಕಂಪನಿಯು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದಂದಿನಿಂದ ನಮ್ಮ ನಾಡಿನಲ್ಲಿ ಜೀಪೆಂಬ ಮಾತು ಮನೆಮಾತಾಯಿತು. ಅದೇ ವಂಶದ ಎಂ.ಎಂ. 540, ಕಮಾಂಡರ್, ಮೇಜರ್‌ಗಳೂ, 2000ದಲ್ಲಿ ಬಂದ ಬೊಲೆರೋದ ಮೊದಮೊದಲ ಫೋರ್‌ವೀಲ್ ಗಾಡಿಗಳೂ ಮೊದಲನೆಯ ಪೀಳಿಗೆಗೆ ಸೇರಿದುವು. ಇವುಗಳಲ್ಲಿ ಅನೇಕದರಲ್ಲಿರುವ 2,523 ಸಿ.ಸಿ. ಎಂಜಿನ್ನು, ಯಂತ್ರದ ಪಂಪಿನಿಂದಲೇ ಡೀಸೆಲ್ ಪಡೆಯುವ ಸರಳ ಸಾಧನ. ಕಂಪ್ಯೂಟರಿಲ್ಲ, ಸೆನ್ಸರುಗಳಿಲ್ಲ, ಹಳ್ಳಿಯ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸಬಲ್ಲ. ಎರಡನೆಯದು, ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಕಾಮನ್ ರೈಲ್ ಪೀಳಿಗೆ: 2010ರಲ್ಲಿ ಬಂದ ಥಾರ್ ಗಾಡಿಯ ಸಿ.ಆರ್.ಡಿ.ಇ. ಮಾದರಿ, ಸ್ಕಾರ್ಪಿಯೋ, ಸಫಾರಿ, ಫಾರ್ಚ್ಯೂನರ್ ಮುಂತಾದುವು. ಇವುಗಳ ಶಕ್ತಿಯೂ ಮೈಲೇಜೂ ಉತ್ತಮ. ಆದರೆ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಕೆಲಸ ಮಾಡುವ ಇವುಗಳ ಇಂಜೆಕ್ಟರುಗಳು ನೀರು ಬೆರೆತ, ಕಸ ಬೆರೆತ ಡೀಸೆಲನ್ನು ಸಹಿಸುವುದಿಲ್ಲ, ಕೆಟ್ಟರೆ ದುರಸ್ತಿಯ ವೆಚ್ಚವೂ ದೊಡ್ಡದು. ಮೂರನೆಯದು 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. 6 ಎಂಬ ಹೊಗೆ ನಿಯಂತ್ರಣ ನಿಯಮದ ಗಾಡಿಗಳು. ಇವುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಶೋಧಕವಿದ್ದು, ಗಾಡಿಯು ಆಗಾಗ ಸ್ವಲ್ಪ ಹೊತ್ತು ಒಂದೇ ಸಮನೆ ವೇಗವಾಗಿ ಓಡಿದಾಗ ಮಾತ್ರ ಆ ಮಸಿಯು ಸುಟ್ಟು ಬೂದಿಯಾಗುತ್ತದೆ. ಊರಿನಿಂದ ತೋಟಕ್ಕೆ, ತೋಟದಿಂದ ಊರಿಗೆ ನಿಧಾನವಾಗಿ ಓಡಾಡುವುದೇ ಕೆಲಸವಾದ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಹೊಸದೆಂಬ ಕಾರಣಕ್ಕೇ ಇದು ನಮ್ಮ ಕೆಲಸಕ್ಕೆ ಮೇಲೆಂದು ಭಾವಿಸಬಾರದು. ತನ್ನ ದಾರಿ ಯಾವುದೆಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಆ ದಾರಿಗೆ ತಕ್ಕ ಪೀಳಿಗೆಯನ್ನು ಆರಿಸಿಕೊಳ್ಳುವುದು ಜಾಣತನ.

ಗಾಡಿಯನ್ನು ನೋಡಲು ಬೆಳಗಿನ ಚಳಿಯಲ್ಲಿಯೇ ಹೋಗಬೇಕು, ಮಾರುವವನು ಅದನ್ನು ಓಡಿಸಿ ಬಿಸಿ ಮಾಡುವ ಮೊದಲೇ ಹೋಗಬೇಕು. ಅನುಭವಸ್ಥನಾದ ಮೆಕ್ಯಾನಿಕ್ಕೊಬ್ಬನು ಈ ಪರೀಕ್ಷೆಯನ್ನು ನಡೆಸುವ ಕ್ರಮವೇ ಒಂದು ನೋಟ. ಅವನು ಮೊದಲು ಬಾನೆಟ್ಟೆತ್ತಿ ಎಂಜಿನ್ನಿನ ಮೇಲೆ ಅಂಗೈಯಿಟ್ಟು ತಣ್ಣಗಿದೆಯೇ ಎಂದು ನೋಡುತ್ತಾನೆ. ಬಳಿಕ ರೇಡಿಯೇಟರಿನ ಮುಚ್ಚಳವನ್ನು ತೆಗೆದು ನೀರಿನ ಮೇಲೆ ಎಣ್ಣೆಯ ಪೊರೆ ತೇಲುತ್ತಿದೆಯೇ ಎಂದೂ, ಎಣ್ಣೆಯ ಅಳತೆಗೋಲನ್ನು ಎಳೆದು ಎಣ್ಣೆಯೇನಾದರೂ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆಯೇ ಎಂದೂ ಪರೀಕ್ಷಿಸುತ್ತಾನೆ. ಇವೆರಡರಲ್ಲಿ ಯಾವುದು ಕಂಡರೂ ಎಣ್ಣೆ ಮತ್ತು ನೀರು ಒಳಗೆಲ್ಲಿಯೋ ಬೆರೆಯುತ್ತಿವೆ, ಹೆಡ್ಡು ಬಿಚ್ಚುವ ಕೆಲಸ ಬಂದಿದೆ ಎಂದು ಅರ್ಥ. ಎಣ್ಣೆ ಬರಿದೇ ಕಪ್ಪಗಿದ್ದರೆ ಅದು ದೋಷವಲ್ಲ, ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆಯು ಬೇಗನೆ ಕಪ್ಪಾಗುವುದು ಸಹಜ. ಆಮೇಲೆ ಸ್ಟಾರ್ಟ್ ಮಾಡಿಸಿ ಹೊಗೆಯನ್ನು ನೋಡುತ್ತಾನೆ. ಚಳಿಯಲ್ಲಿ ಮೊದಲು ಬರುವ ಬಿಳಿಹೊಗೆ ಸ್ವಲ್ಪ ಹೊತ್ತಿಗೆ ನಿಂತರೆ ಚಿಂತೆಯಿಲ್ಲ. ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಗೆ ಸೇರುತ್ತಿದೆ. ನೀಲಿಹೊಗೆಯು ಎಂಜಿನ್ ಎಣ್ಣೆಯೇ ಉರಿಯುತ್ತಿದೆಯೆಂಬುದರ ಚಿಹ್ನೆ. ಆಕ್ಸಿಲರೇಟರನ್ನು ಒತ್ತಿದಾಗ ಬರುವ ದಟ್ಟ ಕರಿಹೊಗೆಗೆ ಏರ್ ಫಿಲ್ಟರು, ಇಂಜೆಕ್ಟರು, ಪಂಪುಗಳಲ್ಲಿ ಯಾವುದಾದರೊಂದು ಕಾರಣ; ಇದು ಮೂರರಲ್ಲಿ ಸುಲಭವಾಗಿ ಪರಿಹಾರವಾಗತಕ್ಕದ್ದು. ಕಡೆಗೆ, ಎಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೆ, ಎಣ್ಣೆ ತುಂಬುವ ಮುಚ್ಚಳವನ್ನು ಬಿಚ್ಚಿ ಆ ತೂತಿನ ಮೇಲೆಯೇ ತಲೆಕೆಳಗಾಗಿ ಇಡುತ್ತಾನೆ. ಮುಚ್ಚಳವು ಮೆಲ್ಲನೆ ನಡುಗುತ್ತ ಅಲ್ಲಿಯೇ ಕುಳಿತಿದ್ದರೆ ಪಿಸ್ಟನ್ ರಿಂಗುಗಳು ಗಟ್ಟಿಯಾಗಿವೆ. ಹೊಗೆಯೊಡನೆ ಅದು ಹಾರಿಬಿದ್ದರೆ ಮೆಕ್ಯಾನಿಕ್ಕರ ಮಾತಿನಲ್ಲಿ ‘ಬ್ಯಾಕ್ ಕಂಪ್ರೆಶನ್’ ಇದೆ, ಅಂದರೆ ರಿಂಗುಗಳು ಸವೆದು ಒತ್ತಡ ಕೆಳಕ್ಕೆ ಸೋರುತ್ತಿದೆ; ಎಂಜಿನ್ನು ಬೋರ್ ಮಾಡಿಸುವ ಖರ್ಚನ್ನು ಬೆಲೆಯಿಂದ ಕಳೆದೇ ಮಾತಾಡಬೇಕು.

ಎಂಜಿನ್ನು ಚೆನ್ನಾಗಿದ್ದುಬಿಟ್ಟರೆ ಗಾಡಿಯೇ ಚೆನ್ನಾಗಿದೆಯೆಂಬುದು ಸಾಮಾನ್ಯ ಭ್ರಮೆ. “ಎಂಜಿನ್ ಬೋರ್ ಮಾಡುಸ್ಬೌದು ಕನಪ್ಪ, ಚಾಸಿ ಮುರುದ್ರೆ ಏನ್ ಮಾಡೀಯೆ? ಮೊದ್ಲು ಅಡೀಕೆ ಬಗ್ಗಿ ನೋಡು” ಎಂದು ಈ ಸೀಮೆಯ ಹಿರಿಯ ಚಾಲಕರು ಎಳೆಯರಿಗೆ ಹೇಳುವ ಬುದ್ಧಿಮಾತು ಅಕ್ಷರಶಃ ಸತ್ಯ. ಕಮಾನು ಪಟ್ಟಿಗಳು ಚಾಸಿಗೆ ಕೂಡುವೆಡೆಯಲ್ಲಿ ಬಿರುಕು, ಬೆಸುಗೆಯ ಗುರುತು, ತುಕ್ಕು ಇವೆಯೇ ಎಂದು ನೋಡಬೇಕು. ಅಡಿಭಾಗಕ್ಕೆಲ್ಲ ಹೊಸದಾಗಿ ಕರಿಬಣ್ಣ ಬಳಿದಿದ್ದರೆ ಸಂತೋಷಪಡುವ ಬದಲು ಸ್ಪ್ಯಾನರಿನಿಂದ ಅಲ್ಲಲ್ಲಿ ತಟ್ಟಿ ಸದ್ದನ್ನು ಕೇಳಬೇಕು. ನಾಲ್ಕು ಚಕ್ರದ ಎಳೆತವಿರುವ ಗಾಡಿಯಲ್ಲಿ ಸಾಮಾನ್ಯ ಗಾಡಿಗಿಂತ ಹೆಚ್ಚಾಗಿ, ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸು, ಮುಂದಿನ ಹೌಸಿಂಗು, ಮುಂದಿನ ಪ್ರೊಪೆಲ್ಲರ್ ಶಾಫ್ಟು, ಮುಂಚಕ್ರದ ಹಬ್ಬುಗಳು ಇರುತ್ತವೆ. ವರ್ಷಗಟ್ಟಲೆ ಬಳಸದೆ ಬಿಟ್ಟ ಫೋರ್‌ವೀಲ್ ಹಿಡಿದುಕೊಂಡಿರಬಹುದು. ಕೆಟ್ಟಾಗ ದುರಸ್ತಿಗೆ ಹಣವಿಲ್ಲದೆ ಮುಂದಿನ ಶಾಫ್ಟನ್ನೇ ಕಳಚಿಟ್ಟು ಓಡಿಸುತ್ತಿದ್ದಿರಲೂಬಹುದು. ಆದ್ದರಿಂದ ಹಸಿಮಣ್ಣಿನ ಏರಿನಲ್ಲಿ ಗಾಡಿಯನ್ನು ನಿಲ್ಲಿಸಿ, ಹಬ್ಬುಗಳನ್ನು ಲಾಕ್ ಮಾಡಿ, ಮೊದಲು ಹೈ ಗೇರಿನಲ್ಲಿ, ಬಳಿಕ ಚಕ್ರದ ಬಲವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸುವ ಲೋ ಗೇರಿನಲ್ಲಿ ಎಳೆಸಿ, ಮುಂಚಕ್ರಗಳು ನಿಜವಾಗಿ ನೆಲವನ್ನು ಕೆದರಿ ಎಳೆಯುತ್ತಿವೆಯೇ ಎಂದು ಹೊರಗೆ ನಿಂತು ನೋಡಬೇಕು. ಒಣಗಿದ ಡಾಂಬರಿನ ಮೇಲೆ ಈ ಪರೀಕ್ಷೆ ಕೂಡದು. ತಿರುವಿನಲ್ಲಿ ಮುಂಚಕ್ರ ಹಿಂಚಕ್ರಗಳು ಕ್ರಮಿಸುವ ದೂರ ಬೇರೆಬೇರೆಯಾಗಿದ್ದು, ಜಾರಲು ಎಡೆಯಿಲ್ಲದೆ ಗೇರುಗಳೊಳಗೆ ಬಿಗಿತವೇರ್ಪಟ್ಟು ಹಲ್ಲು ಮುರಿಯುವ ಅಪಾಯವಿದೆ. ನಾಲ್ಕು ಟಯರುಗಳ ಅಳತೆಯೂ ಒಂದೇ ಆಗಿರಬೇಕಾದುದು ಇದೇ ಕಾರಣದಿಂದ.

ಪರೀಕ್ಷೆಯ ಉತ್ತರಾರ್ಧವು ಇಳಿಜಾರಿನಲ್ಲಿ ನಡೆಯತಕ್ಕದ್ದು. ದಿಂಬಂ ಘಾಟಿಯಲ್ಲಿ ಗಾಡಿಯನ್ನು ಏರಿಸುವ ಶಕ್ತಿಗಿಂತ ಇಳಿಸುವ ಶಕ್ತಿಯೇ ಪ್ರಾಣಕ್ಕೆ ಹತ್ತಿರವಾದದ್ದು. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಿರಿಯರ ನಿಯಮದಂತೆ ಎರಡನೆಯ ಗೇರಿನಲ್ಲಿ ಇಳಿಸುವಾಗ ಗೇರು ತಾನಾಗಿ ನ್ಯೂಟ್ರಲಿಗೆ ಕಳಚಿಕೊಳ್ಳುತ್ತದೆಯೇ, ಬ್ರೇಕು ಒಂದೇ ಪಕ್ಕಕ್ಕೆ ಎಳೆಯುತ್ತದೆಯೇ, ನಾಲ್ಕಾರು ತಿರುವುಗಳಾದ ಮೇಲೆ ಪೆಡಲು ಕೆಳಕ್ಕಿಳಿಯುತ್ತದೆಯೇ, ಸ್ಟೀರಿಂಗಿನಲ್ಲಿ ಎಷ್ಟು ಸಡಿಲವಿದೆ ಎಂಬಿವನ್ನು ಗಮನಿಸಬೇಕು. ಕರ್ನಾಟಕದ ಕಡೆಯಿಂದ ಕೊಯಮತ್ತೂರಿಗೆ ಹೋಗುವ 948ನೆಯ ರಾಷ್ಟ್ರೀಯ ಹೆದ್ದಾರಿಯು ಇಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಡಲನ್ನು ಸೀಳಿಕೊಂಡು ಸಾಗುತ್ತದೆ. ಬಣ್ಣಾರಿಯಿಂದ ಗಡಿಯ ಕಾರಪಳ್ಳದವರೆಗೆ 2022ರ ಫೆಬ್ರವರಿಯಿಂದ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಬ್ಬಿನ ಲಾರಿಗಳಿಗಾಗಿ ಆನೆಗಳು ರಸ್ತೆಯಂಚಿನಲ್ಲಿ ಕಾದುನಿಲ್ಲುವ ಈ ದಾರಿಯಲ್ಲಿ ಮುಚ್ಚಂಜೆಯ ವೇಳೆಗೆ ಗಾಡಿ ಕೆಟ್ಟು ನಿಂತರೆ ಅದು ಕೇವಲ ತೊಂದರೆಯಲ್ಲ, ವಿಪತ್ತು.

ಇನ್ನು ಕಾಗದಪತ್ರಗಳ ವಿಚಾರ. ಗಡಿಯಲ್ಲಿ ಬಾಳುವ ಕನ್ನಡಿಗನು ಇದರಲ್ಲಿ ಇತರರಿಗಿಂತ ಹೆಚ್ಚು ಜಾಗರೂಕನಾಗಿರಬೇಕು. ಅವನು ಗಾಡಿಯನ್ನು ಕೊಳ್ಳುವುದು ಬಹುಮಟ್ಟಿಗೆ ಚಾಮರಾಜನಗರದ ಕೆ.ಎ. 10ರ ಸಂತೆಯಲ್ಲಿ ಅಥವಾ ಮೈಸೂರಿನಲ್ಲಿ. ಅವನು ವಾಸಿಸುವುದು ತಮಿಳುನಾಡಿನಲ್ಲಿ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿಯ ನೋಂದಣಿ ಸಂಖ್ಯೆಯನ್ನು ಪಡೆಯಬೇಕು. ಅದಕ್ಕೆ ಮೊದಲ ನೋಂದಣಿ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್.ಒ.ಸಿ., ಫಾರಂ 28ರಲ್ಲಿ ಬೇಕು. ಮಾರಾಟಕ್ಕೆ ಫಾರಂ 29 ಮತ್ತು 30. ಕೊಂಡವನು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಕೊಡಬೇಕು. ಗಾಡಿಯ ಮೇಲೆ ಸಾಲವಿದ್ದಿದ್ದರೆ ಅದು ತೀರಿದುದಕ್ಕೆ ಬ್ಯಾಂಕಿನ ಫಾರಂ 35. ಹೊಸ ರಾಜ್ಯದಲ್ಲಿ ತೆರಿಗೆಯನ್ನು ಮತ್ತೆ ಕಟ್ಟಬೇಕಾಗುವುದರಿಂದ, ಹಿಂದಿನ ರಾಜ್ಯದಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಪಾಲನ್ನು ಮರಳಿ ಕೇಳುವ ಅವಕಾಶವನ್ನು ಬಿಡಬಾರದು. ಖಾಸಗಿ ಗಾಡಿಯ ನೋಂದಣಿಗೆ 15 ವರ್ಷದ ಅವಧಿ. ಅನಂತರ ತಪಾಸಣೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಸಾಗಣೆಯ ಪಿಕಪ್ಪಾದರೆ ಎಂಟು ವರ್ಷ ದಾಟಿದ ಮೇಲೆ ಪ್ರತಿವರ್ಷವೂ ಎಫ್.ಸಿ., ಅಂದರೆ ಯೋಗ್ಯತಾ ಪತ್ರದ ತಪಾಸಣೆ, ಆಗಬೇಕು, ಅದರ ಹಿಂಭಾಗದಲ್ಲಿ ಕೂಲಿಯಾಳುಗಳನ್ನು ತುಂಬಿ ಸಾಗಿಸುವುದು ಕಾನೂನಿಗೆ ವಿರುದ್ಧವಾದುದಷ್ಟೇ ಅಲ್ಲದೆ, ಅಪಘಾತವಾದರೆ ಆ ಬಡವರಿಗೆ ವಿಮೆಯ ಪರಿಹಾರವೂ ಕೈತಪ್ಪುವ ಭಯವಿದೆ.

ದೂರದ ಅಗ್ಗದ ಗಾಡಿಗಳ ವಿಷಯದಲ್ಲಿಯೂ ಒಂದು ಮಾತು. ದಿಲ್ಲಿ ಸೀಮೆಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ವಿಧಿಸಿದ ನಿರ್ಬಂಧವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದ ಮೇಲೆ, ಅಲ್ಲಿಯ ಗಾಡಿಗಳು ಕಡಿಮೆ ಬೆಲೆಗೆ ಇತರ ರಾಜ್ಯಗಳಿಗೆ ಹರಿದುಬಂದುವು. ಎನ್.ಒ.ಸಿ. ಕೈಗೆ ಬರುವ ಮೊದಲು ಅಂತಹುದಕ್ಕೆ ಪೂರ್ತಿ ಹಣ ಕೊಡಕೂಡದು. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ನು ಕೂರಿಸಿದ, ಎರಡು ಚಕ್ರದ ಎಳೆತದ ಗಾಡಿಗೆ ಮುಂದಿನ ಹೌಸಿಂಗು ಜೋಡಿಸಿದ ಬದಲಾವಣೆಗಳು ಬೆಟ್ಟದ ಊರುಗಳಲ್ಲಿ ಹಿಂದಿನಿಂದಲೂ ಉಂಟು. ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಆದುದರಿಂದ ನೋಂದಣಿ ಪತ್ರವಾದ ಆರ್.ಸಿ.ಯಲ್ಲಿರುವ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಇಂಧನದ ಹೆಸರುಗಳನ್ನು ಗಾಡಿಯ ಮೇಲೆ ಕೊರೆದ ಸಂಖ್ಯೆಗಳೊಡನೆ ಒಂದೊಂದಕ್ಷರವಾಗಿ ಹೋಲಿಸಿ ನೋಡಬೇಕು. ಮಾರುವವನೂ ತಿಳಿದಿರಬೇಕಾದುದುಂಟು: ಹೆಸರು ವರ್ಗಾವಣೆಯಾಗದೆ ಗಾಡಿ ಎಷ್ಟು ಕೈ ಬದಲಾದರೂ, ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆಯೆಂದು 2018ರಲ್ಲಿ ಅದೇ ನ್ಯಾಯಾಲಯವು ಸ್ಪಷ್ಟಪಡಿಸಿದೆ. ಸಹಿ ಹಾಕಿದ ಖಾಲಿ ಫಾರಂಗಳನ್ನು ದಲ್ಲಾಳಿಯ ಕೈಗೆ ಕೊಟ್ಟು ನಿಶ್ಚಿಂತರಾಗುವ ನಮ್ಮ ರೂಢಿ ಎಷ್ಟು ಅಪಾಯಕರವೆಂಬುದಕ್ಕೆ ಬೇರೆ ಪ್ರಮಾಣ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ, ಎಲ್ಲರಿಗೂ ಫೋರ್‌ವೀಲ್ ಬೇಕೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ತೋಟದವರೆಗೂ ಗಟ್ಟಿರಸ್ತೆಯಿರುವವನಿಗೆ ಎರಡು ಚಕ್ರದ ಎಳೆತದ ಬೊಲೆರೋ ಪಿಕಪ್ಪು ಸಾಕು. ಹೆಚ್ಚಿನ ತೂಕ, ಹೆಚ್ಚಿನ ಡೀಸೆಲ್, ಹೆಚ್ಚಿನ ದುರಸ್ತಿಗಳ ಹೊರೆ ಅವನಿಗೇಕೆ? ಹಳ್ಳ ದಾಟಬೇಕಾದವನಿಗೆ, ಕರಿಮಣ್ಣಿನ ಕೆಸರಿನಲ್ಲಿ ಹೊರೆ ಎಳೆಯಬೇಕಾದವನಿಗೆ, ಕಾಡಿನ ಹಾಡಿಯಲ್ಲಿ ಬಾಳುವವನಿಗೆ ಮಾತ್ರ ಅದು ಅನಿವಾರ್ಯ. ಅಂತಹವನು ಕೂಡ ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೆ ಸುರಿಯದೆ, ಐದರಲ್ಲಿ ಒಂದು ಪಾಲನ್ನಾದರೂ ಮೊದಲ ವರ್ಷದ ಟಯರು, ಬ್ರೇಕು, ಬ್ಯಾಟರಿ, ಕ್ಲಚ್ಚುಗಳ ಕೆಲಸಕ್ಕೆಂದು ಬೇರೆ ಇಟ್ಟಿರಬೇಕು.

ಗಾಡಿ ಮನೆಗೆ ಬಂದ ವಾರದೊಳಗೆ ಎಂಜಿನ್ನು, ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು, ಎರಡು ಹೌಸಿಂಗುಗಳ ಎಣ್ಣೆಯನ್ನೂ, ಡೀಸೆಲ್ ಫಿಲ್ಟರು, ಏರ್ ಫಿಲ್ಟರುಗಳನ್ನೂ ಬದಲಾಯಿಸಿ, ಆ ದಿನದ ತಾರೀಖನ್ನೂ ಮೀಟರಿನ ಅಂಕಿಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮುಂದೆ ಮಾಡಿಸುವ ಒಂದೊಂದು ಕೆಲಸವನ್ನೂ, ಗಾಡಿ ಯಾವ ದಾರಿಯಲ್ಲಿ ಯಾವ ಹೊರೆ ಹೊತ್ತಿತೆಂಬುದನ್ನೂ ಅದರಲ್ಲಿಯೇ ದಾಖಲಿಸುತ್ತ ಹೋಗಬೇಕು. ನಮ್ಮಲ್ಲಿ ಹಳೆಯ ಗಾಡಿ ಕೊಳ್ಳುವವನು ಮೋಸಹೋಗುವುದು ಗಾಡಿ ಹಳೆಯದೆಂಬ ಕಾರಣದಿಂದಲ್ಲ, ಅದರ ಚರಿತ್ರೆ ಯಾರಿಗೂ ತಿಳಿಯದೆಂಬ ಕಾರಣದಿಂದ. ತಾನು ಕೊಳ್ಳುವಾಗ ಎಷ್ಟು ಕೇಳಿದರೂ ಸಿಗದಿದ್ದ ಆ ವಿವರಗಳನ್ನು ತಾನು ಮಾರುವಾಗ ಮುಂದಿನವನ ಕೈಗೆ ಒಪ್ಪಿಸಬಲ್ಲ ಮಾಲೀಕನು ಒಂದು ಊರಿನಲ್ಲಿ ಹತ್ತು ಮಂದಿಯಾದರೂ ಹುಟ್ಟಿದರೆ, ಹಳೆಯ ಗಾಡಿಗಳ ಸಂತೆಯಲ್ಲಿ ದಲ್ಲಾಳಿಯ ಬಾಯಿಮಾತಿಗೆ ಇರುವ ಬೆಲೆ ಅಷ್ಟರಮಟ್ಟಿಗೆ ತಗ್ಗುತ್ತದೆ, ಬಡ ಒಕ್ಕಲಿನ ಹಣವೂ ಅಷ್ಟರಮಟ್ಟಿಗೆ ಉಳಿಯುತ್ತದೆ.